ನರಗುಂದದ ಪ್ಲಾಟಿನಲ್ಲಿ ತಾಯಿಯ ಪಾರ್ಟು

ಗಜೇಂದ್ರಗಡದಿಂದ ನರಗುಂದಕ್ಕೆ ಹೋಗುವ ಬಸ್ಸು ರೋಣದ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಚಹಾ ಕುಡಿಯಲು ಇಳಿಯುತ್ತಾರೆ, ಶೇಂಗಾ ಮಾರುವವರು ಹತ್ತುತ್ತಾರೆ. ಆ ಹತ್ತು ನಿಮಿಷವೂ ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ, ನಿದ್ದೆ ಹತ್ತಿದವಳಂತೆ ಕೂತಿರುತ್ತೇನೆ. ರೋಣದಲ್ಲಿ ನನ್ನ ಮಗಳಿದ್ದಾಳೆ. ಮಗಳನ್ನು ಕೊಟ್ಟ ಊರು ಬಂತೆಂದರೆ ಯಾವ ತಾಯಿಯಾದರೂ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಾಳೆ. ನಾನು ಮಾತ್ರ ತಲೆ ಎತ್ತುವುದಿಲ್ಲ. ಬಸ್ಸು ಯಾವಗಲ್ ದಾಟಿದ ಮೇಲೆಯೇ ಸೆರಗು ಸರಿಸುತ್ತೇನೆ.

ಯಾಕೆಂದು ಹೇಳಿಯೇ ಬಿಡುತ್ತೇನೆ, ಮುಚ್ಚಿಟ್ಟು ಮುಚ್ಚಿಟ್ಟು ನನಗೂ ಸಾಕಾಗಿದೆ. ನಾನು ನಾಟಕದವಳು. ಹ್ಯಾಂಡ್‌ಬಿಲ್ಲಿನಲ್ಲಿ ಕಲಾವಿದೆ ಎಂದು ಅಚ್ಚು ಹಾಕಿಸುತ್ತಾರೆ, ಬೆನ್ನ ಹಿಂದೆ ನಾಟಕದಾಕಿ ಎನ್ನುತ್ತಾರೆ. ನಮ್ಮ ಕಡೆ ಊರೂರಲ್ಲಿ ರೈತರು, ಅಂಗಡಿಕಾರರು, ಸಾಲಿ ಮಾಸ್ತರರು ತಾವೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಾರಲ್ಲ, ಅವರ ಮನೆಯ ಹೆಣ್ಣುಮಕ್ಕಳು ಮಾತ್ರ ಅಟ್ಟದ ಮೇಲೆ, ಅಂದರೆ ರಂಗದ ಮೇಲೆ, ಕಾಲಿಡುವ ಹಾಗಿಲ್ಲ. ಹೆಣ್ಣುಪಾತ್ರಕ್ಕೆ ನಮ್ಮಂಥವರು ಬೇಕು. ಬಂದು ಕರೆಯುತ್ತಾರೆ, ನಾವು ಮಾತು ಬಾಯಿಪಾಠ ಮಾಡಿ ಜೀಪು ಹತ್ತುತ್ತೇವೆ. ಅಟ್ಟದ ಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು 'ತಂಗಿ, ನನ್ನವ್ವಾ' ಎಂದು ಗೋಳಾಡಿದ ಅಣ್ಣಂದಿರು ಮರುವಾರ ಸಂತೆಯಲ್ಲಿ ಎದುರಾದರೆ ಬದನೆಕಾಯಿ ಆರಿಸುವುದರಲ್ಲಿ ಮುಳುಗಿಬಿಡುತ್ತಾರೆ. ಮೂವತ್ತು ವರ್ಷ ಇದನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ.

ಮಗಳ ವಿಷಯದಲ್ಲಿ ನಗು ಬರಲಿಲ್ಲ. ಅವಳ ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದವನು. ಇನ್ನೊಂದು ನಾಟಕ ಕಂಪನಿಯ ಜೊತೆ ಹೋದವನು ಅಲ್ಲೇ ಉಳಿದುಕೊಂಡ. ಮಗಳಿಗೆ ನಾಲ್ಕು ವರ್ಷವಾದಾಗ ಮಕ್ಕಳಿಲ್ಲದ ನನ್ನ ಅಕ್ಕ ಅವಳನ್ನು ತನ್ನ ಮಡಿಲಿಗೆ ಹಾಕಿಕೊಂಡಳು. ಸಾಲಿಯ ರಿಜಿಸ್ಟರಿನಲ್ಲಿ ತಾಯಿ ಎಂದು ಅಕ್ಕನ ಹೆಸರು ಬಿತ್ತು. ನಾನು ಚಿಗವ್ವ, ಅಂದರೆ ಚಿಕ್ಕಮ್ಮನಾದೆ. ಆಗ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಒಂದೇ ಓಣಿ, ಎರಡು ಮನೆ, ಮಗಳಿಗೂ ಎಲ್ಲ ಗೊತ್ತಿತ್ತು. ಬೆಳೆದ ಮೇಲೆ ನೋಡಲು ಬಂದ ಎರಡು ಸಂಬಂಧ, ಯಾರೋ ಹಿತವಂತರು 'ನಾಟಕದಾಕಿಯ ಮಗಳು' ಎಂದು ಬೀಗರ ಕಿವಿಯಲ್ಲಿ ಊದಿದ್ದರಿಂದ, ಹೋಳಿಗೆ ಉಂಡು ಕೈ ತೊಳೆದುಕೊಂಡು ಹೋದವು. ಮೂರನೆಯದು ರೋಣದ ಅರಿವೆ ಅಂಗಡಿಯವರ ಮನೆತನ. ಈ ಸಲ ನಾವು ಗಟ್ಟಿಯಾದೆವು. ನಾನು ಹುಡುಗಿಯ ಚಿಗವ್ವ, ಮನೆಯಲ್ಲಿ ಹೊಲಿಗೆ ಹಾಕುವವಳು, ಮುಗಿಯಿತು. ಮದುವೆಯಲ್ಲಿ ಧಾರೆ ಎರೆದವರು ಅಕ್ಕ, ಭಾವ. ನಾನು ಊಟದ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುತ್ತಿದ್ದೆ. ಬೀಗತಿ, ಅಂದರೆ ಮಗಳ ಅತ್ತೆ, ನನ್ನ ಕೈಯಿಂದಲೇ ಎರಡು ಲೋಟ ಮಜ್ಜಿಗೆ ಕುಡಿದರು.

ಮೂರು ವರ್ಷ ಹೀಗೇ ಹೋಯಿತು. ಈಗ ಅವಳಿಗೆ ಏಳನೇ ತಿಂಗಳು. ಗಂಡ ಒಳ್ಳೆಯವನು, ಮಾವ ಮಾತಿಲ್ಲದವರು, ಅತ್ತೆಯದೇ ಮನೆ, ಅತ್ತೆಯದೇ ಮಾತು. ಗುಟ್ಟು ಹೊರಬಿದ್ದರೆ, ಬಸುರಿ ಎಂದೂ ನೋಡದೆ ಬೀಗತಿ ನನ್ನ ಮಗಳನ್ನು ಮನೆಯಿಂದ ಆಚೆ ಹಾಕುತ್ತಾರೆ ಎಂಬುದು ನನ್ನ ಭಯ. ಈ ಭಯದ ಜೊತೆಗೇ ಏಳುತ್ತೇನೆ, ಇದರ ಜೊತೆಗೇ ಮಲಗುತ್ತೇನೆ. ಇಂಥ ಹೊತ್ತಿನಲ್ಲಿ ನಾನು ಸಿನಿಮಾಕ್ಕೆ ಒಪ್ಪಿಕೊಂಡೆ ನೋಡಿ, ನನ್ನ ಬುದ್ಧಿಗೆ ಏನೆನ್ನಬೇಕು!

ಸೂಡಿಯಲ್ಲಿ ನಮ್ಮ ನಾಟಕ ನೋಡಿದ್ದೆ ಎಂದು ಹೇಳಿಕೊಂಡು ಒಬ್ಬಳು ಡೈರೆಕ್ಟರು ಮನೆಗೆ ಬಂದಳು. ಇನ್ನೂ ಹುಡುಗಿ, ಕತ್ತರಿಸಿದ ಕೂದಲು, ಮೈಸೂರಿನ ಕಡೆಯ ಮೆತ್ತನೆ ಮಾತು. ತಾಯಿಯ ಪಾರ್ಟು, ಅದೇ ಮುಖ್ಯ ಪಾರ್ಟು ಎಂದಳು. ಚಿಕ್ಕ ಸಿನಿಮಾ, ದೊಡ್ಡ ಊರುಗಳಲ್ಲಿ, ಹೊರದೇಶಗಳಲ್ಲಿ ಮಾತ್ರ ತೋರಿಸುತ್ತಾರೆ, ಈ ಕಡೆಯ ಟಾಕೀಸಿಗೆ ಬರುವುದಿಲ್ಲ ಎಂದೂ ಹೇಳಿದಳು. ಆ ಮಾತೇ ನನಗೆ ಧೈರ್ಯ ಕೊಟ್ಟಿತು. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಲವತ್ತಾರು ವರ್ಷಕ್ಕೆ ಒಬ್ಬರು ಬಂದು, ನಿಮ್ಮ ಮುಖ ಬೇಕು ಎಂದರೆ ಯಾರಿಗೆ ಆಸೆಯಾಗುವುದಿಲ್ಲ?

ಶೂಟಿಂಗ್ ನರಗುಂದದ ಊರಾಚೆಯ ಹೊಸ ಪ್ಲಾಟಿನಲ್ಲಿ. ಮೊದಲು ಹೆಸರುಕಾಳು, ಕಡಲೆ ಬೆಳೆಯುತ್ತಿದ್ದ ಎರೆಹೊಲ. ಈಗ ನಂಬರು ಬರೆದ ಕಲ್ಲು ನೆಟ್ಟು, ಟಾರು ರಸ್ತೆ ಎಳೆದಿದ್ದಾರೆ. ಐವತ್ತು ಸೈಟಿಗೆ ಏಳೋ ಎಂಟೋ ಮನೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಜಾಲಿಕಂಟಿ. ಎಲ್ಲ ಮನೆಗೂ ಬಿಳಿ ಫರಸಿ, ಸ್ಟೀಲಿನ ಗೇಟು, ಗೇಟಿಗೆ ಬೀಗ. ಹಿಂದೆ ನರಗುಂದದ ಗುಡ್ಡ. ಅಂಥದೊಂದು ಮನೆಯನ್ನು ಸಿನಿಮಾದವರು ಬಾಡಿಗೆಗೆ ಹಿಡಿದಿದ್ದರು. ಅದರೊಳಗಿನ ತಾಯಿ ನಾನು. ಗಂಡ ಆಫೀಸಿಗೆ ಹೋಗುತ್ತಾನೆ, ಹತ್ತು ವರ್ಷದ ಮಗಳು ಸಾಲಿಗೆ ಹೋಗುತ್ತಾಳೆ, ನಾನು ಮನೆಯಲ್ಲಿ ಇರುತ್ತೇನೆ ಮತ್ತು ನನಗೆ ಸುಖವಿಲ್ಲ. ಇಷ್ಟೇ ಕತೆ.

"ಆಕಿಗೆ ಏನ್ ಕಮ್ಮಿ ಐತ್ರಿ?" ಎಂದು ಮೊದಲ ದಿನವೇ ಕೇಳಿದೆ.

"ಏನೂ ಕಮ್ಮಿ ಇಲ್ಲ ಅಮ್ಮಾ," ಎಂದಳು ಡೈರೆಕ್ಟರು.

"ಗಂಡ ಹೊಡಿತಾನನು?"

"ಇಲ್ಲ."

"ಅತ್ತಿ?"

"ಅತ್ತೆ ಇಲ್ಲವೇ ಇಲ್ಲ."

"ಮತ್ತ ಯಾಕ ಅಳ್ತಾಳ?"

"ಅವಳು ಅಳೋದೇ ಇಲ್ಲ ಅಮ್ಮಾ. ಅದೇ ಕಷ್ಟ."

ಎಪ್ಪಾ, ಇದೆಂಥ ಪಾರ್ಟು! ಅಳಬೇಕೆಂದರೆ ನಾನು ಮೂರು ಸಾವಿರ ಮಂದಿಯನ್ನು ಅಳಿಸುತ್ತೇನೆ. ಹಿಂದಿನ ಸಾಲಿನಲ್ಲಿ ಚಕ್ಕಡಿ ಮೇಲೆ ಕೂತವನಿಗೂ ಕೇಳಿಸುವಂತೆ ಬಿಕ್ಕುತ್ತೇನೆ. ಇಲ್ಲಿ ಕ್ಯಾಮೆರಾ ಒಂದು ಮಾರು ದೂರ. ನಾನು ಬಾಯಿ ತೆರೆದರೆ ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದ ಧ್ವನಿಯವನು ಬೆಚ್ಚಿಬೀಳುತ್ತಿದ್ದ. ಕೈ ಎತ್ತಿದರೆ ಡೈರೆಕ್ಟರು, "ಅಮ್ಮಾ, ಏನೂ ಮಾಡ್ಬೇಡಿ, ಸುಮ್ನೆ ನಿಂತ್ಕೊಳ್ಳಿ," ಎನ್ನುತ್ತಿದ್ದಳು. ಸುಮ್ಮನೆ ನಿಲ್ಲುವುದಕ್ಕೆ ನನ್ನನ್ನೇ ಯಾಕೆ ಕರೆಯಬೇಕಿತ್ತು, ಒಂದು ಕಂಬ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ ಎಂದು ನನಗೆ ಒಳಗೊಳಗೇ ಉರಿ.

ಆ ತಾಯಿಯ ಮೇಲೂ ಸಿಟ್ಟು ಬಂತು, ಅದು ಇನ್ನೂ ಹೆಚ್ಚಿನದು. ಒಂದು ದೃಶ್ಯವಿತ್ತು. ಮಗಳು ಸಾಲಿಯಿಂದ ಬಂದು ಹೊರಗೆ ನಿಂತು, 'ಅಮ್ಮಾ, ಬಾಗಿಲು ತೆಗಿ' ಎಂದು ಕೂಗುತ್ತಾಳೆ. ಇವಳು ಒಳಗೆ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಾಳೆ. ತೆಗೆಯುವುದಿಲ್ಲ. ಹಡೆದ ಮಗಳು ಹಾಡಹಗಲು ಊರಿಗೆಲ್ಲ ಕೇಳಿಸುವಂತೆ ಅಮ್ಮಾ ಎಂದು ಕೂಗುತ್ತಿದೆ, ಬಾಗಿಲು ತೆಗೆಯಲು ಇವಳಿಗೇನು ಧಾಡಿ? ನನಗೆ ಆ ಭಾಗ್ಯ ಇದ್ದಿದ್ದರೆ ಬಾಗಿಲನ್ನೇ ಕಿತ್ತಿಡುತ್ತಿದ್ದೆ. ಆ ದೃಶ್ಯವನ್ನು ಐದು ಸಲ ತೆಗೆದರು, ಐದು ಸಲವೂ ಡೈರೆಕ್ಟರು ತಲೆ ಅಲ್ಲಾಡಿಸಿದಳು. "ನಿಮಗೆ ಅವಳ ಮೇಲೆ ಕೋಪ ಇದೆ ಅಮ್ಮಾ, ಅದು ಕಾಣಿಸ್ತಿದೆ," ಎಂದಳು.

ಇದರ ಜೊತೆ ನನ್ನದೊಂದು ಖೋಡಿ ಅಭ್ಯಾಸ. ಅಟ್ಟ ಹತ್ತುವ ಮೊದಲು ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮವರೆಲ್ಲರ ರೂಢಿ. ಅದನ್ನು ಮಾಡದೆ ನನ್ನ ಕಾಲು ಮುಂದಕ್ಕೆ ಹೋಗುವುದಿಲ್ಲ. ಇಲ್ಲಿ ಹಲಗೆ ಎಲ್ಲಿ? ಅಡಿಗೆಮನೆಯ ಹೊಸ್ತಿಲನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದೆ. 'ತನ್ನ ಅಡಿಗೆಮನೆಗೆ ಯಾರಾದರೂ ಹಾಗೆ ಹೋಗ್ತಾರಾ ಅಮ್ಮಾ' ಎಂದು ಡೈರೆಕ್ಟರು ನಗುತ್ತಿದ್ದಳು. ಎಷ್ಟು ಸಲ ಹೇಳಿದರೂ ನನ್ನ ಕೈ ಕೇಳಲಿಲ್ಲ.

ಆ ಕೈಯೇ ನನ್ನನ್ನು ಕೆಡಿಸಿತು. ಪಕ್ಕದ ಮನೆಯ ಹೆಂಗಸೊಬ್ಬಳು ತನ್ನ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುತ್ತ, ನಮ್ಮ ಕಿಟಕಿಯಲ್ಲಿ ಕಾಣುತ್ತಿದ್ದ ಶೂಟಿಂಗನ್ನು ಮೊಬೈಲಿನಲ್ಲಿ ಹಿಡಿದಿದ್ದಾಳೆ. ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ನಾನು, ನಕ್ಕು ತಲೆ ಚಚ್ಚಿಕೊಳ್ಳುವ ಡೈರೆಕ್ಟರು, ಮತ್ತೆ ನಾನು, ಮತ್ತೆ ಹೊಸ್ತಿಲು. ಅರ್ಧ ನಿಮಿಷದ್ದು. ನೋಡಲು ಮಜವಾಗಿತ್ತಂತೆ. ನರಗುಂದದ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದಳು. ಅಲ್ಲಿಂದ ಅದು ಯಾರ ಯಾರ ಮೊಬೈಲಿಗೆ ಹಾರಿತೋ, ಎರಡನೇ ದಿನಕ್ಕೆ ರೋಣ ಮುಟ್ಟಿತು.

ಮಧ್ಯಾಹ್ನ ಊಟದ ತಟ್ಟೆ ಹಿಡಿದು ಕೂತಿದ್ದಾಗ ಮಗಳ ಫೋನು ಬಂತು. ಅವಳು ಆ ಹೊತ್ತಿನಲ್ಲಿ ಫೋನು ಮಾಡುವವಳಲ್ಲ.

"ಚಿಗವ್ವಾ, ಎಲ್ಲಿದ್ದಿ?" ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು. ಎಲ್ಲೋ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು.

"ನರಗುಂದದಾಗ. ಯಾಕ ಮಗಳ, ಹೊಟ್ಟಿ ನೋಯಾಕತ್ತೇತಿ ಏನು?"

"ಹೊಟ್ಟಿ ಅಲ್ಲ. ಅತ್ತಿ ಮೊಬೈಲಿನ್ಯಾಗ ನೀ ಬಂದೀ. ಹೊಸ್ತಿಲಾ ಮುಟ್ಟಿ ಕಣ್ಣಿಗೆ ಹಚ್ಕೋತಿ. ಅತ್ತಿ ನನಗ ತೋರಿಸಿ, 'ಇಕಿ ನಿಮ್ಮ ಚಿಗವ್ವನಂಗ ಅದಾಳಲ್ಲ' ಅಂದ್ರು."

ತಟ್ಟೆ ಕೆಳಗಿಟ್ಟೆ. "ನೀ ಏನಂದಿ?"

"ಯಾರೋ ಹಂಗ ಕಾಣ್ತಾರ ಅಂದೆ. ಅವರು ಮತ್ತೊಮ್ಮಿ ಹಚ್ಚಿ ನೋಡಿದ್ರು, ಮತ್ತೊಮ್ಮಿ ನೋಡಿದ್ರು. 'ಹಿಂಗ ನಾಟಕದಾವ್ರು ಮಾಡ್ತಾರ' ಅಂದ್ರು. ಮುಂದ ಏನೂ ಅನ್ನಲಿಲ್ಲ. ನನಗ ಅಂಜಿಕಿ ಬರಾಕತ್ತೇತಿ ಚಿಗವ್ವಾ. ಅವರು ಸುಮ್ಮನಿದ್ರ ನನಗ ಭಾಳ ಅಂಜಿಕಿ."

ಆಮೇಲೆ ಅವಳು, "ಸೋಮವಾರ ಕುಬಸ ಐತಿ. ನೀ ಬರಬ್ಯಾಡ," ಎಂದಳು. "ನೀ ಎದುರಿಗೆ ನಿಂತ್ರ ಅವರು ನಿನ್ನ ಮಾರಿ ನೋಡ್ತಾರ, ನನ್ನ ಮಾರಿ ನೋಡ್ತಾರ. ತಿಳಿತೈತಿ ಅವರಿಗೆ. ಬರಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ."

ಕುಬಸವೆಂದರೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಆ ಸೀರೆಯನ್ನು ನಾನೇ ಆರಿಸಿದ್ದೆ. ಗಿಣಿಹಸಿರು, ಕೆಂಪು ಅಂಚು. ಅಕ್ಕ ಉಡಿ ತುಂಬುವಾಗ ಅವಳ ಹಿಂದೆ ತಟ್ಟೆ ಹಿಡಿದು ನಿಲ್ಲುವುದಷ್ಟೇ ನನ್ನ ಆಸೆಯಾಗಿತ್ತು. "ಆತು, ಬರಂಗಿಲ್ಲ," ಎಂದೆ. "ನೀ ಅಂಜಬ್ಯಾಡ, ಹೊತ್ತಿಗೆ ಸರಿಯಾಗಿ ಉಣ್ಣು." ಫೋನು ಇಟ್ಟ ಮೇಲೆ ತಟ್ಟೆಯಲ್ಲಿದ್ದ ಅನ್ನ ಹಾಗೇ ಇತ್ತು. ಎದ್ದು ನಾಯಿಗೆ ಹಾಕಿ ಬಂದೆ.

ಆಮೇಲಿನ ನಾಲ್ಕು ದಿನ ನಾನು ಹೇಗಿದ್ದೆನೋ ಯಾರಿಗೂ ಬೇಡ. ಮೊಬೈಲು ಗುಂಯ್‌ಗುಟ್ಟಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ರಸ್ತೆಯಲ್ಲಿ ಬಿಳಿ ಕಾರು ಬಂದರೆ ಬೀಗರದೇ ಎಂದು ಗೋಡೆಯ ಮರೆಗೆ ಸರಿಯುತ್ತಿದ್ದೆ. ಮೇಕಪ್ ಹಚ್ಚುವ ಹೆಂಗಸು, 'ನಿಮ್ಮ ಹಣಿ ಬೆವರು ನಿಂದ್ರವಲ್ದಲ್ರಿ' ಎಂದು ಬೇಸತ್ತಳು. ಅಕ್ಕನಿಗೆ ಫೋನು ಮಾಡಿದರೆ ಅವಳು ನನಗಿಂತ ಹೆದರಿದ್ದಳು. "ಅವರು ಏನರ ಕೇಳಿದ್ರ ನಾ ಏನಂತ ಹೇಳ್ಲೆ? ನನಗ ನಿನ್ನಂಗ ಸುಳ್ಳು ಹೇಳಾಕ ಬರಂಗಿಲ್ಲಬೇ," ಎಂದು ಅತ್ತೇ ಬಿಟ್ಟಳು. ನನಗೆ ಸುಳ್ಳು ಹೇಳಲು ಬರುತ್ತದೆ ಎಂದು ಒಡಹುಟ್ಟಿದವಳೇ ಅಂದಳಲ್ಲ, ಅದೊಂದು ಚುಚ್ಚಿತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಶನಿವಾರ ಆ ಬಾಗಿಲಿನ ದೃಶ್ಯವನ್ನು ಮತ್ತೆ ತೆಗೆದರು. ನೈಟಿ ಹಾಕಿಕೊಂಡು, ಹೆಗಲ ಮೇಲೊಂದು ಟವೆಲ್ಲು ಇಳಿಬಿಟ್ಟು, ಚಿಲಕದ ಮೇಲೆ ಕೈ ಇಟ್ಟು ನಿಂತೆ. ಹೊರಗೆ ಆ ಹುಡುಗಿ, 'ಅಮ್ಮಾ, ಬಾಗಿಲು ತೆಗಿ' ಎಂದಳು. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ತೆಗೆದರೆ ಹೊರಗೆ ಬೀಗತಿ ನಿಂತಿದ್ದರೆ? ಮಗಳ ಚೀಲ, ಗಂಟು ಎಲ್ಲ ಮೆಟ್ಟಿಲ ಮೇಲೆ ಇಟ್ಟು, ತಗೊಳ್ರಿ ನಿಮ್ಮ ಸರಕು ಎಂದರೆ? ಚಿಲಕ ಕೈಗೆ ಮಂಜಿನ ಹಾಗೆ ತಣ್ಣಗಿತ್ತು. ಹುಡುಗಿ ಎರಡನೇ ಸಲ ಕೂಗಿದಳು, ಮೂರನೇ ಸಲ ಕೂಗಿದಳು. ನನ್ನಿಂದ ಆ ಬಾಗಿಲು ತೆಗೆಯಲು ನಿಜವಾಗಿಯೂ ಆಗಲಿಲ್ಲ.

"ಕಟ್" ಎಂದಾಯಿತು. ಡೈರೆಕ್ಟರು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಮ್ಮಾ, ಇದೇ. ಇದೇ ಆ ದುಃಖ. ಎಲ್ಲಿತ್ತು ಇಷ್ಟು ದಿನ?"

"ದುಃಖ ಅಲ್ರಿ ಅದು. ಅಂಜಿಕಿ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ ಅಮ್ಮಾ," ಎಂದಳು.

ಪುಟ್ಟ ಟೀವಿಯಂಥದರಲ್ಲಿ ಅದನ್ನು ನನಗೆ ತೋರಿಸಿದರು. ನನ್ನ ಮುಖ ನನಗೇ ಗುರುತು ಸಿಗಲಿಲ್ಲ. ಆಗ ಮೊದಲ ಬಾರಿಗೆ ಆ ಪ್ಲಾಟಿನ ಮನೆಯ ತಾಯಿಯ ಬಗ್ಗೆ ಅಯ್ಯೋ ಅನ್ನಿಸಿತು. ಫ್ರಿಜ್ಜು, ಮಿಕ್ಸರು, ಗಂಡನ ಸಂಬಳ ಎಲ್ಲ ಇದ್ದೂ ಈಕೆಯೂ ಯಾವುದಕ್ಕೋ ಹೆದರಿಕೊಂಡೇ ಇದ್ದಾಳೆ. ಬಾಗಿಲು ತೆಗೆದರೆ ಮಗಳು ತನ್ನ ಮುಖ ನೋಡಿ, 'ನೀನು ನನ್ನ ತಾಯಿ ಅಲ್ಲ' ಎಂದುಬಿಟ್ಟಾಳು ಎಂದು ಹೆದರುತ್ತಾಳೋ ಏನೋ. ಅವಳ ಭಯ ನನ್ನದಕ್ಕಿಂತ ಚಿಕ್ಕದೆಂದು ಹೇಳಲು ನಾನು ಯಾರು?

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಗಳದೇ ಫೋನು. ಈ ಸಲ ಪಿಸುಮಾತು. "ಚಿಗವ್ವಾ, ರಾತ್ರಿ ಎಲ್ಲಾ ನನಗ ನಿದ್ದಿ ಬಂದಿಲ್ಲ. ನೀ ಆರಿಸಿದ ಸೀರಿ ಉಟ್ಟೀನಿ. ಒಂದ್ ತಾಸು ಬಿಟ್ಟು ವಿಡಿಯೊ ಕಾಲ್ ಹಚ್ಚಿ ಮೊಬೈಲ್ ಕಪಾಟದ ಮ್ಯಾಲ ಇಡ್ತೀನಿ. ಕಾರ್ಯದ ವಿಡಿಯೊ ಹಿಡ್ಯಾಕ ಇಟ್ಟೀನಿ ಅಂತ ಎಲ್ಲಾರಿಗೂ ಹೇಳೀನಿ. ನೀ ಬರೇ ನೋಡು. ಪಿಟ್ಟನ್ನಬ್ಯಾಡ."

"ಇಲ್ಲ ಮಗಳ, ಪಿಟ್ಟನ್ನಂಗಿಲ್ಲ," ಎಂದೆ. ಅಕ್ಕನ ಮಗಳ ಕುಬಸ ಎಂದು ಹೇಳಿ ಡೈರೆಕ್ಟರ ಹತ್ತಿರ ಒಂದು ತಾಸು ಬಿಡುವು ಕೇಳಿದೆ. ಆ ಮನೆಯ ಮಲಗುವ ಕೋಣೆಗೆ ಹೋಗಿ ಕದ ಹಾಕಿಕೊಂಡು, ನೈಟಿಯಲ್ಲೇ ಮಂಚದ ಮೇಲೆ ಕಾಲು ಮಡಚಿ ಕೂತೆ.

ಕಾಲ್ ಬಂತು. ಮೊದಲು ಛತ್ತು, ಆಮೇಲೆ ಮಗಳ ಬೆರಳು, ಆಮೇಲೆ ಪಡಸಾಲೆ. ಮಣೆಯ ಮೇಲೆ ನನ್ನ ಮಗಳು. ಗಿಣಿಹಸಿರು ಅವಳಿಗೆ ಎಷ್ಟು ಒಪ್ಪಿತ್ತೆಂದರೆ, ನನ್ನ ದೃಷ್ಟಿಯೇ ತಾಗೀತೆಂದು ಕಣ್ಣು ಒಂದು ಸಲ ಆಚೆ ಹೊರಳಿಸಿದೆ. ಮುಖ ಊದಿತ್ತು, ಕಣ್ಣಿನ ಕೆಳಗೆ ಕಪ್ಪು. ಸುತ್ತ ಇಪ್ಪತ್ತು ಮಂದಿ ಹೆಣ್ಣುಮಕ್ಕಳು. ಅತ್ತೆ ಕೆಂಪು ರೇಷ್ಮೆ ಉಟ್ಟು ಅತ್ತಿಂದಿತ್ತ ಓಡಾಡುತ್ತಿದ್ದರು. ಅವರು ಕಪಾಟಿನ ಕಡೆ ಬಂದಾಗಲೆಲ್ಲ ನಾನು ಇಲ್ಲಿ ನರಗುಂದದಲ್ಲಿ ಕೂತು ತಲೆ ತಗ್ಗಿಸುತ್ತಿದ್ದೆ. ಅಕ್ಕ ಉಡಿಗೆ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಇಟ್ಟಳು. ಎಲ್ಲವನ್ನೂ ಸರಿಯಾಗಿ ಇಟ್ಟಳು. ನಾನು ಬಾಯಿಗೆ ಟವೆಲ್ಲು ಒತ್ತಿಕೊಂಡು ನೋಡಿದೆ.

ಆಮೇಲೆ ಹಾಡು. ಬಸುರಿಯ ಬಯಕೆಯ ಹಾಡು ನಿಮಗೂ ಗೊತ್ತಿರುತ್ತದೆ, ತಿಂಗಳಿಗೊಂದು ನುಡಿ. ಒಂದನೇ ತಿಂಗಳಿಗೆ ಇದನ್ನು ಬೇಡಿದಳು, ಎರಡನೇ ತಿಂಗಳಿಗೆ ಅದನ್ನು ಬೇಡಿದಳು ಎಂದು. ಮುದುಕಿಯೊಬ್ಬಳು ಎತ್ತಿಕೊಟ್ಟಳು, ಉಳಿದವರು ಹಿಡಿದರು. ಮೂರಾಯಿತು, ನಾಲ್ಕಾಯಿತು. ಐದನೇ ತಿಂಗಳಿಗೆ ಬಂದು ಮುದುಕಿ ನಿಂತುಬಿಟ್ಟಳು. ಮರೆತಿದ್ದಳು. ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿದರು. ಬಯಕೆಯ ಹಾಡು ನಡುವೆ ಕಡಿದರೆ ಒಳ್ಳೆಯದಲ್ಲ ಎನ್ನುತ್ತಾರೆ. ನನ್ನ ಮಗಳು ತಲೆ ಎತ್ತಿ ನೋಡಿದಳು.

ನಾಟಕದಲ್ಲಿ ಎದುರಿನವರು ಮಾತು ಮರೆತರೆ ನಾವು ಕಾಯುವುದಿಲ್ಲ. ಪಕ್ಕದಲ್ಲಿದ್ದರೆ ಪಕ್ಕದಿಂದ, ಪರದೆಯ ಹಿಂದಿದ್ದರೆ ಅಲ್ಲಿಂದ, ಮಾತು ಎತ್ತಿಕೊಟ್ಟುಬಿಡುತ್ತೇವೆ. ಯೋಚನೆ ಮಾಡಿ ಮಾಡುವ ಕೆಲಸವಲ್ಲ ಅದು, ಬೀಳುವ ಕೂಸನ್ನು ಹಿಡಿಯುವಂತೆ ಬಾಯಿ ತಾನೇ ಹಿಡಿಯುತ್ತದೆ. ನಾನು ಐದನೇ ತಿಂಗಳ ನುಡಿಯನ್ನು ಹಾಡಿಬಿಟ್ಟೆ. ಮೆಲ್ಲಗೂ ಅಲ್ಲ, ಹಿಂದಿನ ಸಾಲಿಗೆ ಕೇಳಿಸುವ ಧ್ವನಿಯಲ್ಲಿ.

ರೋಣದ ಆ ಪಡಸಾಲೆಯಲ್ಲಿ, ಕಪಾಟಿನ ಮೇಲಿಂದ ನನ್ನ ಧ್ವನಿ ಬಂತು. ಇಪ್ಪತ್ತು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಹಾಡುತ್ತಿದ್ದ ನನ್ನ ಬಾಯಿ ತೆರೆದಂತೆಯೇ ಉಳಿಯಿತು. ಕೆಂಪು ಗುಂಡಿ ಒತ್ತಿ ಬಂದ್ ಮಾಡಬೇಕೆಂದು ಗೊತ್ತು, ಬೆರಳು ಏಳಲಿಲ್ಲ. ಕೆಂಪು ರೇಷ್ಮೆ ಹತ್ತಿರ ಹತ್ತಿರ ಬಂತು. ಪಡಸಾಲೆ ಅಲುಗಾಡಿತು. ಬೀಗತಿಯ ಮುಖ ಮೊಬೈಲಿನ ತುಂಬ ತುಂಬಿಕೊಂಡಿತು. ಮೂಗಿನ ನತ್ತು, ಹಣೆಯ ಕುಂಕುಮ, ರೆಪ್ಪೆ ಬಡಿಯದ ಎರಡು ಕಣ್ಣು.

"ಯಾರಿದು?" ಎಂದರು. ನನ್ನನ್ನು ಕೇಳಲಿಲ್ಲ, ಹಿಂದೆ ತಿರುಗಿ ಉಳಿದವರನ್ನು ಕೇಳಿದರು.

ಅಕ್ಕ ಏನಾದರೂ ಅನ್ನುತ್ತಾಳೆಂದು ಕಾದೆ. ಚಿಗವ್ವ ಅನ್ನು ಮಗಳ, ಚಿಗವ್ವ ಅನ್ನು, ಜ್ವರ ಬಂದೈತಿ, ಬರಾಕ ಆಗಿಲ್ಲ ಅನ್ನು ಎಂದು ನಾನು ಒಳಗೇ ಅವಳಿಗೆ ಮಾತು ಎತ್ತಿಕೊಡುತ್ತಿದ್ದೆ. ಮಗಳು ಕಾಣುತ್ತಿರಲಿಲ್ಲ, ಅವಳ ಧ್ವನಿಯಷ್ಟೇ ಬಂತು. ಸ್ಪಷ್ಟವಾಗಿತ್ತು.

"ಅತ್ತಿ, ಆಕಿ ನಮ್ಮವ್ವ. ನನ್ನ ಹಡದಾಕಿ."

ನಾನು ಕಣ್ಣು ಮುಚ್ಚಿಕೊಂಡೆ. ಸಂತೋಷವಾಗಲಿಲ್ಲ, ಇಷ್ಟು ವರ್ಷ ಯಾವ ಮಾತಿಗೆ ಹಂಬಲಿಸಿದ್ದೆ ಎಂದುಕೊಂಡಿದ್ದೆನೋ ಆ ಮಾತು ಬಂದಾಗ ಸಂತೋಷವಾಗಲಿಲ್ಲ. ಹುಚ್ಚಿ, ಏನು ಮಾಡಿಕೊಂಡೆ, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಏನು ಮಾಡಿಕೊಂಡೆ ಎಂದು ಎದೆ ಬಡಿದುಕೊಳ್ಳುವಂತಾಯಿತು. ಬಾಗಿಲು, ಮೆಟ್ಟಿಲು, ಗಂಟು, ಬಿಳಿ ಕಾರು ಎಲ್ಲ ಕಣ್ಣ ಮುಂದೆ ಬಂತು. ಫೋನಿನಲ್ಲಿ ಬಳೆಗಳ ಸದ್ದು, ಯಾರೋ ಗುಸುಗುಸು ಎಂದದ್ದು, ಬೀಗತಿ "ಸುಮ್ಮನಿರ್ರಿ" ಎಂದು ಗದರಿದ್ದು ಕೇಳಿಸಿತು. ಆಮೇಲೆ ಏನೋ ಸರಿಸಿದ ಸಪ್ಪಳ.

ಕಣ್ಣು ತೆರೆದಾಗ ಮೊಬೈಲು ಕಪಾಟಿನ ಮೇಲಿರಲಿಲ್ಲ. ಕೆಳಗೆ, ಮಗಳ ಮಣೆಯ ಎದುರಿಗೇ ಇತ್ತು, ಹೆಂಗಸರ ನಡುವೆ. ಜಾರದಂತೆ ಹಿಂದೆ ಒಂದು ತೆಂಗಿನಕಾಯಿ ಆನಿಸಿದ್ದರು. ಅದರ ಜುಟ್ಟು ಮೂಲೆಯಲ್ಲಿ ಕಾಣುತ್ತಿತ್ತು. ಮಗಳ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಬೀಗತಿ ಕೂತಿದ್ದರು. ಮುಖದಲ್ಲಿ ನಗುವಿಲ್ಲ, ಸಿಟ್ಟೋ ಮತ್ತೇನೋ ನನಗೆ ಓದಲಾಗಲಿಲ್ಲ. ನನ್ನ ನೈಟಿ, ಹೆಗಲ ಮೇಲಿನ ಟವೆಲ್ಲು, ಒರೆಸಿಹೋದ ಬಣ್ಣ ಎಲ್ಲವನ್ನೂ ನೋಡಿದರು.

"ಬೀಗತ್ಯಾರ," ಎಂದರು, ನನಗೇ, "ಐದನೇ ತಿಂಗಳದ ನುಡಿ ಏನಂದ್ರಿ? ಇನ್ನೊಮ್ಮಿ ಅನ್ರಿ. ಇವರಿಗೆ ಯಾರಿಗೂ ಬರಂಗಿಲ್ಲ."

ಎಲ್ಲರೂ ಕಾಯುತ್ತಿದ್ದರು. ನಾನು ಬಾಯಿ ತೆರೆದೆ. ಮೂವತ್ತು ವರ್ಷ ಎಷ್ಟೋ ಮಂದಿಗೆ ಮಾತು ಎತ್ತಿಕೊಟ್ಟ ನನಗೆ ಒಂದು ಅಕ್ಷರವೂ ನೆನಪಾಗಲಿಲ್ಲ.